ಬಾಗಿಲು ಕಾಯುವ ಸೈನಿಕರಿಗೆ ತುರ್ತು ನೆರವು: ಪರಿಷ್ಕೃತ ನಿಬಂಧನೆಗಳು

ಸೈನಿಕ ಸಂಕಷ್ಟ ನಿವಾರಣಾ ನಿಧಿ ಕಾರ್ಯಾಲಯ

ಸುತ್ತೋಲೆ ಸಂಖ್ಯೆ: ಸೈಸಂನಿ/ತುರ್ತು/ಬಾಕಿ/117

ವಿಷಯ: ಈ ಕಾರ್ಯಾಲಯದ ಬಾಗಿಲಲ್ಲಿ ಕಾವಲಿರುವ ಸೈನಿಕರು ಇದೇ ಕಾರ್ಯಾಲಯದಿಂದ ತುರ್ತು ಹಣಸಹಾಯ ಕೋರುವ ಬಗ್ಗೆ.

ಉಲ್ಲೇಖ: (ಅ) ಕಾವಲು ಸೈನಿಕರ ಮೌಖಿಕ ಕೋರಿಕೆ, ಮೂರು ಬಾರಿ. (ಆ) ಬೆರಳಚ್ಚುಗಾರ್ತಿಯವರ ಲಿಖಿತ ವಿವರಣೆ. (ಇ) ಸೈನಿಕರ ತಾಯಿಯವರ ಮರಣ.

ಕಳೆದ ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ, ನಮ್ಮ ಮುಂಬಾಗಿಲಲ್ಲಿ ಕಾವಲಿರುವ ಸೈನಿಕರ ತಾಯಿಯವರು ಆಸ್ಪತ್ರೆಯಲ್ಲಿ ತೀರಿಕೊಂಡ ಸಂಗತಿ ಈ ಕಾರ್ಯಾಲಯಕ್ಕೆ ತಿಳಿದುಬಂದಿರುತ್ತದೆ. ಕಾವಲಿನ ವೇಳೆ ಫೋನು ಇಟ್ಟುಕೊಳ್ಳುವಂತಿಲ್ಲವಾದ್ದರಿಂದ ಅವರ ಫೋನು ಬೀಗ ಹಾಕಿದ ಡಬ್ಬಿಯೊಳಗೆ ನಿಯಮಾನುಸಾರ ಒಂಬತ್ತು ಬಾರಿ ಹೊಡೆದುಕೊಂಡಿರುತ್ತದೆ. ಕೊನೆಗೆ ಅವರ ತಂಗಿಯವರು ಕಾರ್ಯಾಲಯದ ಫೋನಿಗೇ ಕರೆ ಮಾಡಿ, “ನಮ್ಮಣ್ಣನ್ನ ಒಂಚೂರು ಕರೀರಿ. ಅಮ್ಮ ಹೋಗ್ಬಿಟ್ರು” ಎಂದು ಹೇಳಿದ್ದು, ಕರೆಗಳ ಪುಸ್ತಕದಲ್ಲಿ ‘ವೈಯಕ್ತಿಕ’ ಎಂಬ ಕಲಮಿನಲ್ಲಿ ನಮೂದಾಗಿದೆ. ಸುದ್ದಿ ಮುಟ್ಟಿದ ಮೇಲೂ ಸೈನಿಕರು ಬದಲಿಯವರು ಬರುವ ತನಕ, ಅಂದರೆ ಮಧ್ಯಾಹ್ನ ಎರಡು ಗಂಟೆಯವರೆಗೆ, ನಿಂತಲ್ಲಿಯೇ ನಿಂತಿದ್ದರು. ಈ ಶಿಸ್ತನ್ನು ಕಾರ್ಯಾಲಯವು ಮೆಚ್ಚಿಕೊಂಡಿದೆ.

ತಾಯಿಯವರ ಹೃದಯದ ಶಸ್ತ್ರಚಿಕಿತ್ಸೆಗೆ ಆಸ್ಪತ್ರೆಯವರು ಮುಂಗಡ ಕೇಳಿದ್ದರು. ಸೈನಿಕರ ಸಂಬಳವು ಅದಕ್ಕೂ ಮೊದಲಿನ ತಪಾಸಣೆ, ಔಷಧಿಗಳಿಗೇ ಮುಗಿದಿತ್ತು. ತುಂಬಿದ ಅರ್ಜಿಯನ್ನು ಜೇಬಿನಲ್ಲಿಟ್ಟುಕೊಂಡು ಅವರು ಹತ್ತೊಂಬತ್ತು ದಿನ ನಿಧಿಯ ಬಾಗಿಲಲ್ಲೇ ನಿಂತಿದ್ದರೂ ಅರ್ಜಿ ಒಳಗಿನ ಕೌಂಟರನ್ನು ತಲುಪಲಿಲ್ಲವೆಂದು ಕೆಲವರು ಆಡಿಕೊಳ್ಳುತ್ತಿರುವುದು ಗಮನಕ್ಕೆ ಬಂದಿದೆ. ಇಂಥ ಮಾತಿಗೆ ಆಸ್ಪದವಾಗದಂತೆ ಕೆಳಕಂಡ ನಿಬಂಧನೆಗಳನ್ನು ಹೊರಡಿಸಲಾಗಿದೆ.

1. ತುರ್ತು ಪರಿಸ್ಥಿತಿಯು ಉದ್ಭವಿಸುವುದಕ್ಕೆ ಕನಿಷ್ಠ ಇಪ್ಪತ್ತೊಂದು ಕೆಲಸದ ದಿನಗಳ ಮುಂಚೆ ಅದನ್ನು ಕಾರ್ಯಾಲಯಕ್ಕೆ ತಿಳಿಸತಕ್ಕದ್ದು. ಇದ್ದಕ್ಕಿದ್ದಂತೆ ಬರುವ ತುರ್ತುಗಳನ್ನು ಪರಿಗಣಿಸಲಾಗುವುದಿಲ್ಲ.

2. ಅರ್ಜಿಯನ್ನು ಬೆಳಿಗ್ಗೆ ಹತ್ತರಿಂದ ಒಂದು ಗಂಟೆಯೊಳಗೆ ಕೌಂಟರಿನಲ್ಲಿ ಖುದ್ದಾಗಿ ಸಲ್ಲಿಸತಕ್ಕದ್ದು. ಕಾವಲು ಸೈನಿಕರ ಪಾಳಿಯು ಒಂಬತ್ತರಿಂದ ಎರಡು ಗಂಟೆಯವರೆಗಿದ್ದು, ಪಾಳಿಯಲ್ಲಿ ಜಾಗ ಬಿಡುವುದು ಶಿಕ್ಷಾರ್ಹ. ಆದ್ದರಿಂದ ಅವರು ಜಾಗ ಬಿಡದೆ ಕೌಂಟರಿಗೆ ಬರತಕ್ಕದ್ದು. ಅನುಕೂಲಕ್ಕಾಗಿ ದೂರವನ್ನು ಅಳೆಸಲಾಗಿದ್ದು, ಅದು ನಲವತ್ತೆರಡು ಹೆಜ್ಜೆ ಇರುತ್ತದೆ.

3. ಒಂದು ದಿನದ ರಜೆ ಹಾಕಿ ಅರ್ಜಿ ಕೊಡಬಹುದಲ್ಲವೇ ಎಂಬ ಪ್ರಶ್ನೆ ಬಂದಿದೆ. ಖಂಡಿತವಾಗಿ ಕೊಡಬಹುದು. ರಜೆ ಅರ್ಜಿಯನ್ನು ಸದರಿ ಕೌಂಟರಿನಲ್ಲಿಯೇ ಸ್ವೀಕರಿಸಲಾಗುತ್ತದೆ.

4. ಕೌಂಟರನ್ನೇ ಬಾಗಿಲ ಬಳಿಗೆ ಸಾಗಿಸುವ ಸಲಹೆಯನ್ನು ಸಮಿತಿಯು ಸಹಾನುಭೂತಿಯಿಂದ ಪರಿಶೀಲಿಸಿತು. ಮೇಜು ಕುರ್ಚಿಗಳು ಕೋಣೆಯಿಂದ ಹೊರಬರಬೇಕಾದರೆ ಬಾಗಿಲ ಕಾವಲಿನವರ ಒಪ್ಪಿಗೆ ಸಹಿ ಬೇಕು. ಕಾವಲಿನವರು ಸ್ವತಃ ಅರ್ಜಿದಾರರಾಗಿರುವುದರಿಂದ ಅವರ ಸಹಿಯಲ್ಲಿ ಸ್ವಹಿತದ ಸಂಶಯ ಬರುತ್ತದೆ. ಸಲಹೆಯನ್ನು ಕೈಬಿಡಲಾಗಿದೆ.

5. ಸಹೋದ್ಯೋಗಿಗಳಿಂದ ಕೈಗಡ ತಂದ ಸೈನಿಕರ ಬಳಿ ಹಣವಿರುವುದರಿಂದ ಅವರು ಕಷ್ಟದಲ್ಲಿಲ್ಲವೆಂದು ಭಾವಿಸತಕ್ಕದ್ದು. ಕೈಗಡ ತರದವರು ಹೇಗೋ ನಿಭಾಯಿಸಿಕೊಂಡಿರುವುದರಿಂದ ಅವರೂ ಕಷ್ಟದಲ್ಲಿಲ್ಲ.

6. ರೋಗಿಯ ಹೆಬ್ಬೆಟ್ಟಿನ ಗುರುತು ಸ್ಪಷ್ಟವಾಗಿರತಕ್ಕದ್ದು. ಸದರಿ ತಾಯಿಯವರು ಮೂವತ್ತು ವರ್ಷ ಮನೆಮನೆಯ ಪಾತ್ರೆ ತೊಳೆದು ಮಕ್ಕಳನ್ನು ಸಾಕಿದ್ದರಿಂದ ಅವರ ಬೆರಳಿನ ಗೆರೆಗಳು ಸವೆದುಹೋಗಿದ್ದವೆಂದು ತಿಳಿದುಬಂದಿದೆ. ಮುಂದೆ ಇಂಥವರು ಕೆಲಸಕ್ಕೆ ಬಳಸದ ಒಂದು ಬೆರಳನ್ನು ಮೊದಲಿನಿಂದಲೇ ಕಾಯ್ದಿಟ್ಟುಕೊಳ್ಳಬೇಕೆಂದು ಈ ಮೂಲಕ ಸೂಚಿಸಲಾಗಿದೆ.

7. ಹದಿನೆಂಟನೆಯ ದಿನ ಬೆರಳಚ್ಚುಗಾರ್ತಿಯವರು ಬಾಗಿಲಿಗೆ ಹೋಗಿ, “ಇಲ್ಲಿ ಕೊಡಪ್ಪ, ನಾನೇ ಇಟ್ಟು ಬರ್ತೀನಿ” ಎಂದು ಹೇಳಿ ಅರ್ಜಿಯನ್ನು ಪಡೆದು ಕೌಂಟರಿನ ಮೇಲೆ ಇಟ್ಟಿರುತ್ತಾರೆ. ಇದು ಮೂರನೆಯವರ ಹಸ್ತಕ್ಷೇಪವಾದ್ದರಿಂದ ಅರ್ಜಿಯನ್ನು ಅಂದೇ ಸೈನಿಕರ ಜೇಬಿಗೆ ಹಿಂತಿರುಗಿಸಲಾಯಿತು. ಇದಕ್ಕಾಗಿ ಕೊಟ್ಟ ನೋಟಿಸಿಗೆ ಬೆರಳಚ್ಚುಗಾರ್ತಿಯವರು ನೀಡಿರುವ ವಿವರಣೆ ಹೀಗಿದೆ: “ಸಾರ್, ನೀವು ದಿನಾ ನಾಲ್ಕು ಸಲ ಟೀ ತರಿಸ್ತೀರಿ. ಟೀನ ನೀವೇ ಖುದ್ದಾಗಿ ಹೋಗಿ ತರ್ತೀರಾ? ಆ ಹುಡುಗನ ಮುಖ ಒಂದ್ಸಲ ನೋಡಿ ಬನ್ನಿ, ಆಮೇಲೆ ನನ್ನ ಸಂಬಳ ಹಿಡೀರಿ.” ವಿವರಣೆಯು ವಿಷಯಕ್ಕೆ ಸಂಬಂಧಪಟ್ಟಿಲ್ಲವೆಂದು ತೀರ್ಮಾನಿಸಲಾಗಿದೆ.

8. ಆದಾಗ್ಯೂ, ಸಹಾನುಭೂತಿಯ ವಿಶೇಷ ಪ್ರಕರಣವೆಂದು ಮಂಗಳವಾರ ಹಣವನ್ನು ಮಂಜೂರು ಮಾಡಲಾಗಿದೆ. ಮಂಜೂರಾತಿಯು ಶಸ್ತ್ರಚಿಕಿತ್ಸೆಗೆ ಮಾತ್ರ ಅನ್ವಯಿಸುತ್ತದೆ. ಏಳು ದಿನಗಳೊಳಗೆ ಶಸ್ತ್ರಚಿಕಿತ್ಸೆ ಮಾಡಿಸದಿದ್ದಲ್ಲಿ ಹಣ ನಿಧಿಗೆ ಮರಳತಕ್ಕದ್ದು. ಅಂತ್ಯಕ್ರಿಯೆಯ ಖರ್ಚಿಗೆ ಬೇರೆ ಅರ್ಜಿಯಿದ್ದು, ಅದಕ್ಕೂ ಒಂದನೆಯ ನಿಬಂಧನೆಯಂತೆ ಇಪ್ಪತ್ತೊಂದು ದಿನಗಳ ಮುಂಗಡ ಸೂಚನೆ ಅಗತ್ಯ.

9. ಸಂತಾಪ ಸೂಚಿಸಲು ಎಲ್ಲ ಸಿಬ್ಬಂದಿ ಶುಕ್ರವಾರ ಎರಡು ನಿಮಿಷ ಮೌನವಾಗಿ ನಿಲ್ಲತಕ್ಕದ್ದು. ಈ ಎರಡು ನಿಮಿಷಗಳನ್ನು ಟೀ ವಿರಾಮದಿಂದ ಕಳೆಯಲಾಗುವುದು. ಮೃತರ ಮಗ ಬಾಗಿಲಲ್ಲಿ ಅದಾಗಲೇ ಮೌನವಾಗಿ ನಿಂತಿರುವುದರಿಂದ ಅವರಿಗೆ ಪ್ರತ್ಯೇಕ ಆದೇಶದ ಅಗತ್ಯವಿಲ್ಲ.

10. ಕೆಳಗೆ ಸಹಿ ಮಾಡಿದವರು ಆ ಹತ್ತೊಂಬತ್ತು ದಿನವೂ ಅದೇ ಬಾಗಿಲಿನಿಂದ ಒಳಗೆ ಬಂದಿರುತ್ತಾರೆ. ದಿನವೂ ಸೈನಿಕರ ಸೆಲ್ಯೂಟನ್ನು ಸ್ವೀಕರಿಸಿರುತ್ತಾರೆ. ಸೈನಿಕರ ಜೇಬಿನಿಂದ ಮಡಚಿದ ಕಾಗದದ ಅಂಚು ಹೊರಗೆ ಕಾಣುತ್ತಿತ್ತು. ಅದೇನಪ್ಪಾ ಎಂದು ನಿಂತು ಕೇಳುವುದಕ್ಕೆ ಯಾವುದಾದರೂ ನಿಯಮ ಅಡ್ಡಿಯಿತ್ತೇ ಎಂದು ಎಲ್ಲ ಸಂಪುಟಗಳನ್ನೂ ತೆರೆದು ನೋಡಲಾಯಿತು. ಅಂಥ ನಿಯಮವು ಕಂಡುಬಂದಿರುವುದಿಲ್ಲ.

(ಸಹಿ)
ಹಿರಿಯ ಅಧೀಕ್ಷಕರು, ತುರ್ತು ಶಾಖೆ
(ದೀರ್ಘ ರಜೆಯಲ್ಲಿರುವ ತುರ್ತು ಅಧಿಕಾರಿಗಳ ಪರವಾಗಿ)

ಪ್ರತಿಗಳು:

1. ಕಾವಲು ಸೈನಿಕರಿಗೆ: ಹತ್ತರಿಂದ ಒಂದು ಗಂಟೆಯೊಳಗೆ ಕೌಂಟರಿಗೆ ಖುದ್ದಾಗಿ ಬಂದು ಪಡೆಯತಕ್ಕದ್ದು.

2. ಬೆರಳಚ್ಚುಗಾರ್ತಿಯವರಿಗೆ: ಎರಡನೆಯ ನೋಟಿಸಿನೊಂದಿಗೆ. ಇದನ್ನೂ ಅವರೇ ಬೆರಳಚ್ಚು ಮಾಡತಕ್ಕದ್ದು.

3. ಆಸ್ಪತ್ರೆಗೆ: ಶಸ್ತ್ರಚಿಕಿತ್ಸೆಯ ನಂತರ ರೋಗಿಯ ಸ್ಥಿತಿ ಹೇಗಿದೆ ಎಂಬ ವರದಿಗಾಗಿ.

4. ಸೈನಿಕರ ತಂಗಿಯವರಿಗೆ: ವೈಯಕ್ತಿಕ ಕರೆಗಳನ್ನು ಇನ್ನು ಮುಂದೆ ಊಟದ ವೇಳೆಯಲ್ಲಿ ಮಾಡಬೇಕೆಂಬ ವಿನಂತಿಯೊಂದಿಗೆ.

5. ದಿವಂಗತ ತಾಯಿಯವರಿಗೆ: ಇವರಿಗೆ ಕಳುಹಿಸತಕ್ಕಂಥದ್ದು ಈ ಕಾರ್ಯಾಲಯದಲ್ಲಿ ಏನೂ ಇಲ್ಲ. ಭಗವಂತನು ಅವರನ್ನು ಒಂದು ಗಳಿಗೆಯೂ ಕಾಯಿಸದೆ ತನ್ನ ಬಳಿಗೆ ಕರೆದುಕೊಳ್ಳಲಿ. ದಣಿದ ಆ ಜೀವಕ್ಕೆ ಶಾಂತಿ ಸಿಗಲಿ.