ಗೋದಲಿಗೆ ಸಾಂಬ್ರಾಣಿ

ಯೇಸುಸ್ವಾಮಿ ಹುಟ್ಟಿದಾಗ ನಮ್ಮತ್ತೆ ಅಲ್ಲಿದ್ದಿದ್ದರೆ, ಆ ಮೂವರು ಜ್ಞಾನಿಗಳನ್ನು ಕಾಲು ತೊಳೆಯದೆ ಒಳಗೆ ಬಿಡುತ್ತಲೇ ಇರಲಿಲ್ಲ! ಬಾಯಿಗೆ ಬಂದದ್ದು ಬರೆಯುತ್ತಿಲ್ಲ, ಕಣ್ಣಾರೆ ಕಂಡು ಹೇಳುತ್ತಿದ್ದೇನೆ.

ಎಂಬತ್ತರ ದಶಕದ ಒಂದು ಮಾರ್ಗಳಿ ತಿಂಗಳು, ಅಂದರೆ ನಮ್ಮ ಧನುರ್ಮಾಸ. ತಮಿಳು ಸೀಮೆಯ ಕುರಿಚಿಯಲ್ಲಿ ನಮ್ಮದು ಸಾಲುಮನೆ. ಪಕ್ಕದ ಮನೆಯ ಸ್ಟೆಲ್ಲಾ ಹೆತ್ತು ಇಪ್ಪತ್ತು ದಿನವಾಗಿತ್ತು. ತಾಯಿಯಿಲ್ಲದ ಹುಡುಗಿ; ಗಂಡನಿಗೆ ಫೌಂಡ್ರಿಯಲ್ಲಿ ಎರಡೆರಡು ಶಿಫ್ಟು. “ಈ ವರ್ಷ ನಮಗೆ ಕ್ರಿಸ್‌ಮಸ್ ಇಲ್ಲಕ್ಕಾ. ಮಾಡೋರು ಯಾರು?” ಎಂದು ನನ್ನ ಹತ್ತಿರ ಮೆಲ್ಲಗೆ ಹೇಳಿದಳು. ಮೆಲ್ಲಗೆ ಹೇಳಿದ್ದೇ ತಪ್ಪು. ಅಂಥ ಮಾತೇ ಅತ್ತೆಯ ಕಿವಿಗೆ ಮೊದಲು ಬೀಳುವುದು.

“ಮೊದಲ ಕೂಸು ಬಂದಿರೋ ಮನೇಲಿ ಹಬ್ಬ ಇಲ್ಲವಾ? ನೀನು ಏಳಮ್ಮಾ!”

‘ನೀನು’ ಅಂದರೆ ನಾನು! ಬೆಳಗಿನಿಂದ ನೀರು ಹೊತ್ತು ಸೊಂಟ ಹಿಡಿದುಹೋಗಿತ್ತು. ಕೇಳುವವರು ಯಾರು? ಅವಳ ಬಾಗಿಲಿಗೆ ರಂಗೋಲಿ ಹಾಕಿದ್ದು ನಾನು; ಮಾರ್ಗಳಿಯ ವಾಡಿಕೆಯಂತೆ ಅದರ ನಡುವೆ ಸಗಣಿ ಉಂಡೆಗೆ ಕುಂಬಳದ ಹೂ ಸಿಕ್ಕಿಸಿದ್ದು ನಾನು; ಸ್ಟೂಲು ಹತ್ತಿ ಕಾಗದದ ನಕ್ಷತ್ರ ಕಟ್ಟಿದ್ದೂ ನಾನು. ಮಾರಿಯಮ್ಮ ದೊಡ್ಡವಳು, ಸ್ಟೂಲು ಮುರಿಯಲಿಲ್ಲ.

ಆಮೇಲೆ ಗೋದಲಿ, ಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆ ಜೋಡಣೆ. ಸ್ಟೆಲ್ಲಾ ಹೇಳಿಕೊಟ್ಟಂತೆ ಕೊಟ್ಟಿಗೆ, ಮೇರಿಯಮ್ಮ, ಕೂಸು, ಕುರಿ ಎಲ್ಲ ಜೋಡಿಸಿ, ಸುತ್ತ ಹತ್ತಿ ಹರಡಿದೆ. ಅತ್ತೆ ಹತ್ತಿಯನ್ನೆಲ್ಲ ಬಾಚಿ ತೆಗೆದರು.

“ಅಯ್ಯೋ ಅಮ್ಮಾ, ಅದು ಪನಿ, ಮಂಜು!” ಎಂದಳು ಸ್ಟೆಲ್ಲಾ.

“ಹಸಿ ಬಾಣಂತಿ ಮಲಗವ್ಳೆ, ಅವಳ ಮೇಲೆ ಮಂಜು ಸುರೀತೀಯಾ?”

ಅವಳದು ತಮಿಳು, ಇವರದು ಕನ್ನಡ. ವಾದಕ್ಕೆ ಒಂದಿಷ್ಟೂ ತೊಂದರೆಯಾಗಲಿಲ್ಲ! ಅದೇ ಹತ್ತಿಯನ್ನು ಬೊಂಬೆ ಕೂಸಿಗೆ ಕತ್ತಿನವರೆಗೆ ಹೊದಿಸಿದ್ದಾಯಿತು. ನಮ್ಮ ನವರಾತ್ರಿ ಪೆಟ್ಟಿಗೆಯಿಂದ ಶೆಟ್ಟಿ ಬೊಂಬೆಯೂ ಅಂಗಡಿ ಸಮೇತ ಬಂದು ಕುರಿಗಳ ಪಕ್ಕ ಕೂತಿತು.

“ಇವನ್ಯಾಕತ್ತೆ ಇಲ್ಲಿ?”

“ಬಾಣಂತಿಗೆ ಒಣಶುಂಠಿ, ಮೆಣಸು ಯಾರು ಕೊಡ್ತಾರೆ? ಕುರಿಗಳಾ?”

ಕೊನೆಗೆ ಕೆಂಡ ತಂದು ಸಾಂಬ್ರಾಣಿ ಹಾಕಿದರು. ಹೊಗೆಯಲ್ಲಿ ಗೋದಲಿಯೇ ಕಾಣೆ! ಸ್ಟೆಲ್ಲಾ ಕೆಮ್ಮಿ ಕೆಮ್ಮಿ ನಕ್ಕಳು. ನಕ್ಕವಳು ಹಾಗೆಯೇ, “ನಮ್ಮಮ್ಮ ಇದ್ದಿದ್ದರೆ...” ಎಂದು ಅತ್ತುಬಿಟ್ಟಳು.

ಅತ್ತೆ ಎದ್ದರು. ನಮ್ಮ ಮನೆಗೆ ಹೋಗಿ ಟ್ರಂಕಿನ ತಳದಿಂದ ಒಂದು ಗಂಟು ತಂದು ಬಿಚ್ಚಿದರು. ಹಳೆಯ ನೂಲಿನ ಸೀರೆಗಳನ್ನು ಹರಿದು, ಒಗೆದು ಒಗೆದು ಮೆತ್ತಗಾಗಿಸಿದ ಕೂಸಿನ ಬಟ್ಟೆಗಳು. ಒಂದರಲ್ಲಿ ಸ್ಟೆಲ್ಲಾಳ ಮಗುವನ್ನು ಬೆಚ್ಚಗೆ ಸುತ್ತಿ ಅವಳ ಮಡಿಲಿಗಿಟ್ಟರು.

ನನ್ನ ಮದುವೆಯಾಗಿ ಹನ್ನೊಂದು ವರ್ಷ; ನಮ್ಮ ಮನೆಯಲ್ಲಿ ಇನ್ನೂ ತೊಟ್ಟಿಲು ಕಟ್ಟಿರಲಿಲ್ಲ. ‘ಏನಮ್ಮಾ, ವಿಶೇಷ ಉಂಟಾ?’ ಎಂದು ಅವರು ಒಂದು ದಿನವೂ ನನ್ನನ್ನು ಕೇಳಿದವರಲ್ಲ.

ಬಟ್ಟೆಗಳಲ್ಲಿ ಅರ್ಧ ಎಣಿಸಿ ಸ್ಟೆಲ್ಲಾಳ ಪಕ್ಕದಲ್ಲಿಟ್ಟರು. ಉಳಿದರ್ಧವನ್ನು ಮತ್ತೆ ಗಂಟು ಕಟ್ಟಿ, ನನ್ನ ಮುಖ ನೋಡದೆ, ಕೈಗೆ ಕೊಟ್ಟರು.

“ಹಿಡಿ. ಟ್ರಂಕಲ್ಲಿ ಜೋಪಾನವಾಗಿ ಇಡು.”