ಟಿಕೋಟಾಕ್ಕೆ ನನ್ನ ಕಾರು ಮುಟ್ಟಿದ್ದು

ಶನಿವಾರ ಬೆಳಗ್ಗೆ ಹೆಂಡತಿ ಗೌರಾಬಾಯಿ ಚಹಾ ತಂದಾಗ ನಾನು ಅಂಗಳದಲ್ಲಿ, ನಮ್ಮ ಪುಟ್ಟ ಹಳೇ ಕಾರಿನ ಕೆಳಗೆ ಅಂಗಾತ ಮಲಗಿದ್ದೆ. ಹೊರಗೆ ಕಾಣುತ್ತಿದ್ದುದು ಎರಡು ಪಾದ. ಕೇಳುತ್ತಿದ್ದುದು ಒಂದು ಪ್ರತಿಜ್ಞೆ.

"ನಾಳೆ ಹತ್ತರೊಳಗ ನಿನ್ನ ಟಿಕೋಟಾದಾಗ ಇಳಸ್ತೇನಿ. ತಪ್ಪಿದ್ರ ಈ ಜನ್ಮದಾಗ ನಟ್ಟು ಬಿಚ್ಚೂ ಪಾನಾ ಮುಟ್ಟೂದಿಲ್ಲ!"

"ಬಸರಿ ತಂಗಿ ಕುಬಸ ಐತ್ರಿ. ಬಸ್ಸಿಗೆ ಹೋಗೂಣು."

ಬಸ್ಸು! ಹೋದ ಸಲ ದಾರಿಯಲ್ಲಿ ಕಾರು ನಿಂತು, ಎತ್ತು ಕಟ್ಟಿ ಎಳೆಸಿಕೊಂಡು ಟಿಕೋಟಾದ ಮಾವನ ಮನೆ ಮುಟ್ಟಿದ್ದೆವು. ಗೌರಾಬಾಯಿಯ ತಮ್ಮ ಬಸಗೊಂಡಪ್ಪ ಕಾಲಿಗೆ ನೀರು ತಂದು, ಬಾಗಿಲಲ್ಲೇ ಕೇಳಿದ್ದ: "ಮಾಮಾ, ಮೊದಲ ನೀರು ಎತ್ತಿಗೆ ಕೊಡ್ಲೋ, ನಿಮಗ ಕೊಡ್ಲೋ?"

ಆ ಪ್ರಶ್ನೆಗೆ ಉತ್ತರ ಕೊಡಲೇಬೇಕಿತ್ತು.

ಇಂಜಿನ್ ಬಿಚ್ಚಿ ಮಸಿ ಕೆರೆದೆ. ಕಾರ್ಬುರೇಟರನ್ನು ಮೂರು ಸಲ ತೊಳೆದೆ. ಉಳಿದದ್ದು ಸೈಲೆನ್ಸರು. ಅದನ್ನು ತುಕ್ಕು ತಿಂದು ಮುಗಿಸಿತ್ತು. ಮಹಾಯುದ್ಧ ನಿಂತು ವರ್ಷವಾದರೂ ವಿಜಾಪುರದಲ್ಲಿ ಹೊಸದು ಸಿಗುತ್ತಿರಲಿಲ್ಲ. ಊರೂರಿನ ಹಿಟ್ಟಿನ ಗಿರಣಿ ರಿಪೇರಿ ಮಾಡುವ ದಾದಾಸಾಬ, ಯಾವುದೋ ಹಳೇ ಗಿರಣಿಯ ಹೊಗೆಕೊಳವೆಯನ್ನು ಅದರ ತುದಿಯ ಡಬ್ಬಿಸಮೇತ ತಂದು ಬೆಸೆದ.

"ಹೊಗಿ ಸಲೀಸ ಹೊಂಟ್ರ ಇಂಜಿನ್ ಸಲೀಸ ಓಡ್ತೈತ್ರಿ ಸಾಹೇಬ್ರ. ಸಪ್ಪಳ ಒಂದೀಟು ಬ್ಯಾರೆ ಬರ್ತೈತಿ, ಅಷ್ಟ."

ಕುಕ್! ಕುಕ್! ಕುಕ್! ಭಾನುವಾರ ಎಂಟೂವರೆಗೆ ಹೊರಟ ಕಾರು ಏರಿನಲ್ಲೂ ಉಸಿರುಗಟ್ಟಲಿಲ್ಲ. ಒಂಬತ್ತೂವರೆಗೆ ಟಿಕೋಟಾ ಹೊಕ್ಕೆವು. ಮನೆಮನೆಯಿಂದ ಹೆಂಗಸರು ಹೊರಗೆ ಬಂದರು.

"ನೋಡಿದ್ಯಾ? ಊರಿಗೆ ಊರ ನಮ್ಮನ್ನ ನೋಡಾಕ ಬಂದೈತಿ!"

"ನಮ್ಮನ್ನ ಅಲ್ರಿ. ಎಲ್ಲಾರ ತಲಿಮ್ಯಾಲ ಬುಟ್ಟಿ ಅದಾವ."

ಮಾವನ ಮನೆಯ ಮುಂದೆ ಕಾರು ನಿಂತಾಗ ಅದರ ಹಿಂದೆ ಮೂವತ್ತು ಬುಟ್ಟಿ ಜೋಳ ನಿಂತಿತ್ತು. ಎಲ್ಲರಿಗಿಂತ ಮುಂದಿದ್ದ ಮುದುಕಿ ಕಾಳವ್ವ ತನ್ನ ಬುಟ್ಟಿಯನ್ನು ಕಾರಿನ ಮೂಗಿನ ಮೇಲೆಯೇ ಇಳಿಸಿದಳು.

"ಗಿರಣಿ ಇಂಜಿನ್ ಕೆಟ್ಟು ಎಂಟು ದಿನಾತು. ಕುಕ್ ಕುಕ್ ಕೇಳಿ ಗಿರಣಿ ಚಾಲೂ ಆತಂತ ಓಡಿ ಬಂದೇನಿ. ಪಾಳಿ ನಂದು ಮೊದಲನೇದು ನೋಡಪಾ!"

"ಯವ್ವಾ, ಇದು ಕಾರು!"

"ಏನರ ಇರ್ಲೇಳು. ಜ್ವಾಳ ಬೀಸ್ತೈತೋ ಇಲ್ಲೋ?"

ನಗುತ್ತಾನೆಂದುಕೊಂಡಿದ್ದ ಬಸಗೊಂಡಪ್ಪ ನಗಲಿಲ್ಲ. "ಮಾಮಾ, ಇನ್ನೂರು ಮಂದಿ ಊಟಕ್ಕ ಬರ್ತಾರ. ಬೀಸಿ ಬೀಸಿ ಹೆಣ್ಣಮಕ್ಕಳ ಅಂಗೈಗೆ ಬೊಬ್ಬಿ ಬಂದಾವ. ರೊಟ್ಟಿಗೆ ಹಿಟ್ಟಿಲ್ಲ."

ಗೌರಾಬಾಯಿ ನನ್ನತ್ತ ತಿರುಗಿದಳು. "ಪಾನಾ ಎಲ್ಲಿ ಇಟ್ಟೀರಿ?"

ಕಾರನ್ನು ಗಿರಣಿಗೆ ಒಯ್ದು, ಹಿಂದಿನ ಒಂದು ಗಾಲಿ ಎತ್ತಿ, ಟೈರು ಬಿಚ್ಚಿ, ಆ ಗಾಲಿಗೆ ಗಿರಣಿಯ ಬೆಲ್ಟು ಸುತ್ತಿದೆವು. ಕಲ್ಲು ತಿರುಗಿತು! ಮೊದಲು ಕುಬಸದ ಮನೆಯ ಜೋಳ, ಆಮೇಲೆ ಕಾಳವ್ವನದು, ಆಮೇಲೆ ಊರಿನದು. ಕೂಪನ್ನಿಗೆ ಸಿಕ್ಕಿದ್ದ ನನ್ನ ತಿಂಗಳ ಪೆಟ್ರೋಲು ಮಧ್ಯಾಹ್ನದೊಳಗೆ ಹಿಟ್ಟಾಯಿತು.

ಬಸಗೊಂಡಪ್ಪ ತಂಬಿಗೆ ತುಂಬ ನೀರು ತಂದ. ನಾನು ಗಂಭೀರವಾಗಿ ಕಾಲು ಮುಂದೆ ಚಾಚಿದೆ. ಅವನು ನನ್ನನ್ನು ದಾಟಿ ಹೋಗಿ, ಕುದಿಯುತ್ತಿದ್ದ ರೇಡಿಯೇಟರಿಗೆ ಹನಿಹನಿಯಾಗಿ ಸುರಿದ.

"ಮೊದಲ ನೀರು ಇದಕ್ಕ, ಮಾಮಾ."

ಪೆಟ್ರೋಲಿಲ್ಲದ ಕಾರನ್ನು ಗಿರಣಿಯಲ್ಲೇ ಬಿಟ್ಟು, ಸಂಜೆ ವಿಜಾಪುರಕ್ಕೆ ಬಸ್ಸಿನಲ್ಲಿ ಮರಳಿದೆವು. ಮುಂದಿನ ಪೆಟ್ರೋಲ್ ಕೂಪನ್ನು ಸಿಕ್ಕ ದಿನ ಕಾರು ಟಿಕೋಟಾದಿಂದ ಬಬಲೇಶ್ವರಕ್ಕೆ ಹೋಗುತ್ತದೆ. ಅಲ್ಲಿಯ ಗಿರಣಿಯೂ ಕೆಟ್ಟಿದೆ.