ಆಚೆ ಮನೆಯ ದಾಸವಾಳ

ಕೊಕ್ಕೆಕೋಲಿಗೆ ಸಿಕ್ಕಿದ್ದು ಒಂದೇ ದಾಸವಾಳ, ಮುರಿದು ಬಿದ್ದದ್ದು ಇಡೀ ರೆಂಬೆ. ಪ್ರೂಫ್ ರಾಯರು ಓಡಲೂ ಆಗದೆ ನಿಲ್ಲಲೂ ಆಗದೆ ಒದ್ದೆ ಬಟ್ಟೆಯಂತೆ ಕಾಂಪೌಂಡಿಗೆ ಅಂಟಿಕೊಂಡರು. ಪುಸ್ತಕಗಳ ಕರಡು ತಿದ್ದುತ್ತ, ಕಂಡವರ ತಪ್ಪು ಹಿಡಿಯುತ್ತ ಕೂದಲು ನರೆಸಿಕೊಂಡವರು ಈಗ ತಾವೇ ಸಿಕ್ಕಿಬಿದ್ದಿದ್ದರು.

ಗಿಡದ ಒಡತಿ ನರ್ಸಮ್ಮ ಹಲ್ಲುಜ್ಜುವ ಬ್ರಷ್ಷನ್ನು ಕತ್ತಿಯಂತೆ ಹಿಡಿದು ಬಂದರು. "ನಾಲ್ಕು ವರ್ಷದಿಂದ ನನ್ನ ಹೂವು ಕದೀತಿರೋದು ನೀವೇನಾ?"

"ನಿಮ್ಮದು ಮಂಗಳವಾರ ಮಾತ್ರ ಅಮ್ಮಾ," ಎಂದರು ರಾಯರು. "ಸೋಮವಾರ ಡ್ರಿಲ್ ಮಾಸ್ತರರ ಮಲ್ಲಿಗೆ."

ಪಕ್ಕದ ಮನೆಯ ಡ್ರಿಲ್ ಮಾಸ್ತರರಿಗೆ ಇದು ಕೇಳಿಸಿತು. ಕೆಮ್ಮುತ್ತಲೇ ಸೀಟಿ ಊದಿದರು. ಬೀದಿಯೇ ಎದ್ದು ಬಂತು.

"ಒಂಟಿ ಗಂಡಸಿಗೆ ದಿನಾ ಹೂವು ಯಾಕ್ರೀ? ಯಾರಿಗೆ ಕೊಡ್ತೀರಿ?" ಎಂದಿತು ಗುಂಪು.

"ದೇವರಿಗೆ."

"ಎಲ್ಲರೂ ಹಾಗೇ ಹೇಳೋದು! ನಡೀರಿ, ನೋಡೇಬಿಡೋಣ."

ಮಾಸ್ತರರನ್ನು ಮುಂದಿಟ್ಟುಕೊಂಡು ಏಳು ಜನ ರಾಯರ ಮಹಡಿ ಕೋಣೆಯ ಮೆಟ್ಟಿಲು ಹತ್ತಿದರು. ರಾಯರಿಗೆ ನಾಚಿಕೆ, ಅದರ ಜೊತೆಗೇ ಎಂಥದೋ ಸಡಗರ. ಹೆಂಡತಿ ತೀರಿಕೊಂಡ ಮೇಲೆ ಆ ಕೋಣೆಗೆ ಜನ ಬಂದದ್ದು ಅಂದೇ. ಇದ್ದ ಒಂದು ಕುರ್ಚಿ ನರ್ಸಮ್ಮನಿಗೆ ಹೋಯಿತು, ಉಳಿದವರಿಗೆ ಕರಡಿನ ಕಟ್ಟುಗಳೇ ಪೀಠ. ಇದ್ದ ಎರಡು ಲೋಟಗಳಲ್ಲಿ ಸರದಿಯ ಮೇಲೆ ಚಹಾ ಆಯಿತು.

ಮೂಲೆಯ ಹಲಗೆಯ ಮೇಲೆ ಅಂಗೈಯಗಲದ ಕೃಷ್ಣ. ರಾಯರು ದಾಸವಾಳದ ಧೂಳು ಊದಿ, ಮುದುಡಿದ ಎಸಳು ಬಿಡಿಸಿ, ಮಗುವನ್ನು ಮಲಗಿಸುವಂತೆ ಅವನ ಪಾದದ ಮೇಲಿಟ್ಟರು. ಹಿಂದೆ ಜನ ಕೂತಿರುವುದು ಮರೆತೇಹೋಯಿತು; ದಿನದಂತೆ ಅವನಿಗೆ ಬೀದಿಯ ಸುದ್ದಿ ಹೇಳತೊಡಗಿದರು.

"ನರ್ಸಮ್ಮನ ಗಿಡ ಮುರಿದುಬಿಟ್ಟೆ ಕಣಪ್ಪಾ. ಪಾಪ, ರಾತ್ರಿ ಡ್ಯೂಟಿ ಅಂತ ಕಾಣುತ್ತೆ, ಕಣ್ಣು ಕೆಂಪಗಿತ್ತು. ಮಾಸ್ತರರ ಕೆಮ್ಮು ಇನ್ನೂ ಹೋಗಿಲ್ಲ, ಸ್ವಲ್ಪ ನೋಡ್ಕೋ."

ನರ್ಸಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಮಾಸ್ತರರು ಎದ್ದುನಿಂತು ತೀರ್ಪು ಕೊಟ್ಟರು: "ಈ ವಯಸ್ಸಲ್ಲಿ ನೀವು ಮನೆಮನೆ ಅಲೆಯೋದು ಬೇಡ. ನಾಳೆಯಿಂದ ಹೂವು ನಿಮ್ಮ ಬಾಗಿಲಿಗೇ ಬರುತ್ತೆ."

"ಬೇಡ, ಬೇಡ!" ರಾಯರು ಗಾಬರಿಯಾದರು. "ನಾನೇ ಬರ್ತೀನಿ. ಬೈದ್ರೂ ಪರವಾಗಿಲ್ಲ."

"ಸಂಕೋಚ ಬಿಡಿ ರಾಯರೇ!"

ಮರುದಿನ ಆರಕ್ಕೇ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ. ರಾಯರು ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಓಡಿ ಬಾಗಿಲು ತೆಗೆಯುವಷ್ಟರಲ್ಲಿ ಚಿಲಕದಲ್ಲಿ ಚೀಲವೊಂದು ನೇತಾಡುತ್ತಿತ್ತು, ಬಂದವರು ಇರಲಿಲ್ಲ. ಚೀಲದ ತುಂಬ ಏಳು ಮನೆಯ ಹೂವು.

ಕೃಷ್ಣ ಕುತ್ತಿಗೆವರೆಗೂ ಹೂವಿನಲ್ಲಿ ಮುಳುಗಿದ. ರಾಯರು ಎದುರಿಗೆ ಕೂತು ಗಂಟಲು ಸರಿಮಾಡಿಕೊಂಡರು. ಅವನಿಗೆ ಹೇಳಲು ಒಂದು ಸುದ್ದಿಯೂ ಇರಲಿಲ್ಲ.